ಹೊಲದ ದಾರಿಗೆ ಹಳ್ಳ ಅಡ್ಡ ಬಂದಲ್ಲಿ: ಟ್ರ್ಯಾಕ್ಟರ್, ಜೀಪುಗಳಿಗೆ ಸರಳ ದಾಟುಗಳ ನಿರ್ಮಾಣ

ಗ್ರಾಮಸಭೆಗಳಲ್ಲಿ ತಪ್ಪದೆ ಕೇಳಿಬರುವ ಬೇಡಿಕೆಗಳಲ್ಲಿ “ನಮ್ಮ ಹಳ್ಳಕ್ಕೊಂದು ಮೋರಿ ಹಾಕಿಸಿಕೊಡಿ” ಎಂಬುದೂ ಒಂದು. ಹಳ್ಳದ ಈಚೆ ಊರು. ಆಚೆ ಹೊಲ, ತೋಟ, ನಾಲ್ಕಾರು ಮನೆ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಹಳ್ಳದ ಮರಳಿನ ಮೇಲೆಯೇ ಇಳಿದು ಹತ್ತಿ ಹೋಗುತ್ತದೆ. ಮುಂಗಾರು ಹಿಡಿದ ಮೇಲೆ ಬೀಜ, ಗೊಬ್ಬರ ಹೊತ್ತ ಟ್ರೇಲರ್ ಈಚೆ ದಡದಲ್ಲಿ ನಿಲ್ಲುತ್ತದೆ. ಆಚೆ ಮನೆಯ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾಗುತ್ತದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಅದಕ್ಕೆ ದೊರೆಯುವ ಪರಿಹಾರ ಬಹುಪಾಲು ಕಡೆಗಳಲ್ಲಿ ಒಂದೇ ಬಗೆಯದು: ಹಳ್ಳದ ತಳದಲ್ಲಿ ಎರಡು ಸಿಮೆಂಟ್ ಪೈಪು ಇರಿಸಿ, ಮೇಲೆ ಮಣ್ಣು ಏರಿಸಿ, ಗ್ರಾವೆಲ್ ಹರಡಿ ಬಿಲ್ಲು ಬರೆಯುವುದು. ಮೊದಲ ದೊಡ್ಡ ಮಳೆಗೆ ಮಣ್ಣು ಕೊಚ್ಚಿಹೋಗಿ, ಪೈಪುಗಳು ಹತ್ತಾರು ಮೀಟರ್ ಕೆಳಗೆ ಉರುಳಿ ಬಿದ್ದಿರುವುದನ್ನು ಕಾಣದ ಸದಸ್ಯರು ವಿರಳ.

ಪೈಪು ಕಳಪೆಯಾಗಿತ್ತೆಂದೋ ಗುತ್ತಿಗೆದಾರರು ಸಿಮೆಂಟು ಉಳಿಸಿದರೆಂದೋ ಆಗ ಮಾತು ಬರುತ್ತದೆ. ಅದೂ ಒಮ್ಮೊಮ್ಮೆ ನಿಜವಿರಬಹುದು. ಆದರೆ ಇಂತಹ ದಾಟುಗಳಲ್ಲಿ ಹೆಚ್ಚಿನವು ಕೆಲಸದ ದೋಷಕ್ಕಿಂತ ಆಯ್ಕೆಯ ದೋಷದಿಂದ ಹಾಳಾಗುತ್ತವೆ. ಚಿಕ್ಕ ಹಳ್ಳ, ದಿನಕ್ಕೆ ಹತ್ತಿಪ್ಪತ್ತು ವಾಹನ, ಕಚ್ಚಾ ದಾರಿ ಇರುವಲ್ಲಿ ನೀರನ್ನು ಪೈಪಿನೊಳಗೆ ತೂರಿಸುವ ಹಟಕ್ಕಿಂತ, ಹಳ್ಳದ ತಳವನ್ನೇ ಗಟ್ಟಿಮಾಡಿ ನೀರು ಅದರ ಮೇಲೆ ಹರಿದುಹೋಗಲು ಬಿಡುವುದು ಅಗ್ಗವೂ ಬಾಳಿಕೆಯುಳ್ಳದ್ದೂ ಆದ ಮಾರ್ಗ. ವರ್ಷದಲ್ಲಿ ಕೆಲವು ದಿನ, ಕೆಲವು ಗಂಟೆ ದಾಟು ಮುಚ್ಚಿರುತ್ತದೆ. ಉಳಿದ ದಿನಗಳಲ್ಲಿ ತೆರೆದಿರುತ್ತದೆ. ಇದನ್ನು ಒಪ್ಪಿಕೊಂಡರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಸಂವಿಧಾನದ 11ನೇ ಅನುಸೂಚಿಯು ಪಂಚಾಯತಿಗಳ ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆ, ಕಡವು, ಜಲಮಾರ್ಗಗಳನ್ನು ಒಟ್ಟಿಗೆ ಹೇಳಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ವರ್ಗೀಕರಣದಂತೆ ಒಟ್ಟು ಉದ್ದ 6 ಮೀಟರ್ ಮೀರದ್ದು ಮೋರಿ, ಅದಕ್ಕಿಂತ ಉದ್ದವಾಗಿ 60 ಮೀಟರ್‌ವರೆಗಿನದು ಕಿರುಸೇತುವೆ. ಇಲ್ಲಿ ವಿವರಿಸುತ್ತಿರುವುದು ಹತ್ತು ಮೀಟರ್ ಅಗಲ ಮೀರದ, ತಳ ಗಟ್ಟಿಯಾಗಿರುವ ಹಳ್ಳಗಳ ವಿಷಯ. ಅದಕ್ಕಿಂತ ದೊಡ್ಡದಾದುದನ್ನು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗಕ್ಕೆ ಒಪ್ಪಿಸುವುದೇ ಸರಿ.

ನೀರಿನ ಲೆಕ್ಕ

ಅಂದಾಜುಪಟ್ಟಿ ಮುಂದೆ ಬಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಹಣದ್ದಲ್ಲ, ನೀರಿನದು. ಈ ಹಳ್ಳಕ್ಕೆ ಎಷ್ಟು ಎಕರೆಯ ನೀರು ಇಳಿಯುತ್ತದೆ? ಇದನ್ನು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್. ಹಳ್ಳದ ಮೇಲ್ಭಾಗದಲ್ಲಿ 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆ ಜಮೀನು ಇದೆಯೆನ್ನೋಣ. ಒಂದು ಗಂಟೆಯಲ್ಲಿ 60 ಮಿ.ಮೀ. ಮಳೆ ಸುರಿದು, ಅದರಲ್ಲಿ ಶೇ. 40 ಭಾಗ ಇಂಗದೆ ಹರಿದು ಬಂದರೆ ಆ ಗಂಟೆಯಲ್ಲಿ ಹಳ್ಳಕ್ಕೆ 96 ಲಕ್ಷ ಲೀಟರ್ ಬಂದಂತಾಯಿತು. ಸೆಕೆಂಡಿಗೆ ಲೆಕ್ಕ ಹಾಕಿದರೆ ಸುಮಾರು 2,670 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅರ್ಧಕ್ಕೂ ಹೆಚ್ಚು, ಪ್ರತಿ ಸೆಕೆಂಡಿಗೆ.

ಈಗ ಪೈಪಿನ ಕಡೆ ನೋಡಬೇಕು. 600 ಮಿ.ಮೀ. ವ್ಯಾಸದ ಪೈಪು ತುಂಬಿ, ನೀರು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿದರೂ ಅದು ಸಾಗಿಸಬಲ್ಲದ್ದು ಸುಮಾರು 565 ಲೀಟರ್. ಎರಡು ಪೈಪಿಗೆ 1,130 ಲೀಟರ್. ಬಂದ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲಿಗೆ ದಾರಿಯೇ ಇಲ್ಲ. ಬಿದಿರಿನ ತುಂಡು, ಜೋಳದ ದಂಟು, ತೆಂಗಿನ ಗರಿ ಬಾಯಿಗೆ ಸಿಕ್ಕಿಕೊಂಡರೆ ಅಷ್ಟೂ ಇಲ್ಲ. ಉಳಿದ ನೀರು ಏರಿ ಮಣ್ಣಿನ ಮೇಲೆ ಹರಿಯುತ್ತದೆ, ಇಲ್ಲವೇ ಪಕ್ಕದ ರೈತರ ಬದುವನ್ನು ಕಡಿದುಕೊಂಡು ಹೋಗುತ್ತದೆ. ಇದೇ ಜಾಗದಲ್ಲಿ 6 ಮೀಟರ್ ಅಗಲದ ತೆರೆದ ದಾಟಿನ ಮೇಲೆ 30 ಸೆಂ.ಮೀ. ಆಳದ ನೀರು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹರಿದರೆ 2,700 ಲೀಟರ್ ದಾಟಿಹೋಗುತ್ತದೆ. ಕಸ ಸಿಕ್ಕಿಕೊಳ್ಳಲು ಬಾಯಿಯೂ ಇಲ್ಲ, ಕೊಚ್ಚಿಹೋಗಲು ಮಣ್ಣೂ ಇಲ್ಲ.

ಮೇಲಿನ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಚಿಕ್ಕ ಜಲಾನಯನದಲ್ಲಿ ಹದಿನೈದು ನಿಮಿಷದ ಬಿರುಮಳೆಯ ವೇಗ ಗಂಟೆಯ ಸರಾಸರಿಗಿಂತ ಬಹಳ ಹೆಚ್ಚಿರುತ್ತದೆ, ಕಲ್ಲುಗುಡ್ಡದಿಂದ ಶೇ. 40ಕ್ಕಿಂತ ಹೆಚ್ಚು ನೀರು ಇಳಿಯುತ್ತದೆ. ಆದ್ದರಿಂದ ಲೆಕ್ಕದ ಜೊತೆಗೆ ಸ್ಥಳದ ಸಾಕ್ಷ್ಯವನ್ನೂ ಪಡೆಯಬೇಕು. ದಂಡೆಯ ಪೊದೆಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿಯ ಎತ್ತರ, ಮರದ ಬೇರಿನಲ್ಲಿ ಮೆತ್ತಿದ ಕೆಸರಿನ ಗೆರೆ, ಹಳ್ಳದ ಪಕ್ಕದಲ್ಲೇ ಬದುಕು ಕಳೆದ ಹಿರಿಯರ ನೆನಪು, ಇವು ಮೂರೂ ಒಂದೇ ಎತ್ತರವನ್ನು ತೋರಿಸಿದರೆ ಆ ನೆರೆಮಟ್ಟವನ್ನು ನಂಬಬಹುದು. ಅಂದಾಜುಪಟ್ಟಿಯ ನಕ್ಷೆಯಲ್ಲಿ ನೆರೆಮಟ್ಟದ ಗೆರೆ ಇಲ್ಲದಿದ್ದರೆ ಅದನ್ನು ಹಿಂದಿರುಗಿಸಿ ಕೇಳುವ ಹಕ್ಕು ಸದಸ್ಯರಿಗಿದೆ.

ಜಾಗದ ಆಯ್ಕೆ

ಈಗಿರುವ ಗಾಡಿದಾರಿ ಹಳ್ಳಕ್ಕೆ ಇಳಿಯುವ ಜಾಗವೇ ದಾಟಿಗೂ ತಕ್ಕದ್ದೆಂದು ಭಾವಿಸಬಾರದು. ಎತ್ತಿನ ಗಾಡಿಯ ಕಾಲದಲ್ಲಿ ಹತ್ತಿರವೆಂದು ಆರಿಸಿದ ಜಾಗ ತುಂಬಿದ ಟ್ರೇಲರಿಗೆ ಒದಗದಿರಬಹುದು. ಹಳ್ಳ ನೇರವಾಗಿ ಹರಿಯುವ, ಎರಡೂ ದಂಡೆ ತಗ್ಗಾಗಿರುವ, ತಳದಲ್ಲಿ ಬಂಡೆ ಅಥವಾ ಗಟ್ಟಿ ಗೊರಚು ಇರುವ ಕಡೆ ಮೇಲು. ತಿರುವಿನಲ್ಲಿ ಬೇಡ, ಅಲ್ಲಿ ಹೊರದಂಡೆಯನ್ನು ನೀರು ಪ್ರತಿವರ್ಷ ಕಡಿಯುತ್ತಿರುತ್ತದೆ. ಮಡುವಿರುವಲ್ಲಿಯೂ ಬೇಡ. ಇಪ್ಪತ್ತು-ಮೂವತ್ತು ಮೀಟರ್ ಮೇಲೆಯೋ ಕೆಳಗೆಯೋ ಒಳ್ಳೆಯ ಜಾಗ ಸಿಕ್ಕರೆ ದಾರಿಯನ್ನೇ ಅಷ್ಟು ಸರಿಸುವುದು ಲೇಸು. ಆದರೆ ಸರಿಸುವ ಮುನ್ನ ಗ್ರಾಮ ನಕಾಶೆ ನೋಡಬೇಕು. ಹಳ್ಳ ಬಿ ಖರಾಬು ಆಗಿದ್ದರೂ ಅದರ ಪಕ್ಕದ ನೆಲ ಖಾಸಗಿಯವರದ್ದಾಗಿರುತ್ತದೆ. ನಕಾಶೆ ಕಂಡ ದಾರಿಯನ್ನು ಬಿಟ್ಟು ಬಾಯಿಮಾತಿನ ಒಪ್ಪಿಗೆಯ ಮೇಲೆ ಕಟ್ಟಿದ ದಾಟು, ಮುಂದೆ ಅಣ್ಣತಮ್ಮಂದಿರ ಪಾಲಾದಾಗ ಬೇಲಿಯೊಳಗೆ ಸೇರಿಹೋಗುತ್ತದೆ.

ದಾರಿ ಹಳ್ಳವನ್ನು ಅಡ್ಡವಾಗಿ, ಲಂಬಕೋನದಲ್ಲಿ ದಾಟಬೇಕು. ಓರೆಯಾಗಿ ದಾಟಿದರೆ ದಾಟಿನ ಉದ್ದ ಬೆಳೆಯುತ್ತದೆ, ಖರ್ಚೂ ಬೆಳೆಯುತ್ತದೆ. ತಳ್ಳುವ ನೀರು ಟ್ರೇಲರಿನ ಒಂದೇ ಮಗ್ಗುಲಿಗೆ ಹೆಚ್ಚು ಹೊತ್ತು ಬಡಿಯುತ್ತದೆ. ಇಳಿಜಾರು 10 ಮೀಟರಿಗೆ 1 ಮೀಟರಿಗಿಂತ ಕಡಿದಾಗಿರಬಾರದು. ದಂಡೆಯ ಎತ್ತರ ಒಂದೂವರೆ ಮೀಟರ್ ಇದ್ದರೆ ಪ್ರತಿ ಮಗ್ಗುಲಿನಲ್ಲಿ 15 ಮೀಟರ್ ಉದ್ದಕ್ಕೆ ಮಣ್ಣು ಕಡಿಯಬೇಕೆಂದಾಯಿತು. ಈ ಅಗೆತವನ್ನು ಉಳಿಸಲು ಹೋದರೆ, ತುಂಬಿದ ಟ್ರೇಲರ್ ಎಳೆಯುತ್ತ ದಂಡೆ ಹತ್ತುವ ಟ್ರ್ಯಾಕ್ಟರಿನ ಮುಂಗಾಲಿಗಳು ನೆಲ ಬಿಡುತ್ತವೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಪ್ರಾಣ ಹೋಗುವುದು ಹೀಗೆಯೇ. ಇಳಿಜಾರು ಮತ್ತು ತಳ ಕೂಡುವ ಜಾಗ ಮಡಚಿದಂತಿರದೆ ಬಟ್ಟಲಿನಂತೆ ನಯವಾಗಿರಬೇಕು; ಇಲ್ಲವಾದರೆ ಪಿಕಪ್ ವಾಹನದ ಮೂತಿ ನೆಲಕ್ಕೆ ಬಡಿಯುತ್ತದೆ.

ಇನ್ನೊಂದು ಸಂಗತಿ ಸುಲಭವಾಗಿ ಮರೆತುಹೋಗುತ್ತದೆ. ದಾರಿಯ ಮೇಲೆ ಬಿದ್ದ ಮಳೆನೀರು ಚಕ್ರದ ಜಾಡು ಹಿಡಿದು ನೇರ ಹಳ್ಳಕ್ಕೆ ಇಳಿಯುತ್ತದೆ; ಇಳಿಜಾರನ್ನು ಕೊರೆಯುವುದು ಹಳ್ಳದ ನೀರಲ್ಲ, ಈ ನೀರು. ಹಳ್ಳಕ್ಕೆ ಹತ್ತಿಪ್ಪತ್ತು ಮೀಟರ್ ಮೊದಲೇ ದಾರಿಗೆ ಓರೆಯಾಗಿ ಒಂದು ಕಲ್ಲಿನ ದಿಂಡು ಕಟ್ಟಿ ಆ ನೀರನ್ನು ಪಕ್ಕದ ಹುಲ್ಲುನೆಲಕ್ಕೆ ತಿರುಗಿಸಿದರೆ ಇಳಿಜಾರು ಉಳಿಯುತ್ತದೆ.

ಕುಡಿಯುವ ನೀರಿನ ಬಾವಿ, ಬಟ್ಟೆ ಒಗೆಯುವ ಕಟ್ಟೆ, ದನಗಳಿಗೆ ನೀರು ಕುಡಿಸುವ ಜಾಗ ಇರುವಲ್ಲಿ ದಾಟು ಅವುಗಳ ಕೆಳಮಗ್ಗುಲಿಗೆ ಬರಬೇಕು. ಚಕ್ರ ಕದಡಿದ ಕೆಸರೂ ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆಯೂ ಮೇಲಕ್ಕೆ ಹೋಗುವುದಿಲ್ಲವಷ್ಟೆ.

ಕಲ್ಲಿನ ಹಾಸು

ಅತ್ಯಂತ ಸರಳವಾದ ದಾಟು ಕಲ್ಲಿನದು. ಹಳ್ಳದ ತಳವನ್ನು ಸುಮಾರು 45 ಸೆಂ.ಮೀ. ಅಗೆದು, ಕೆಳಗೆ ಜಲ್ಲಿ-ಗೊರಚಿನ ಪದರ ಹರಡಿ, ಅದರ ಮೇಲೆ 30 ಸೆಂ.ಮೀ.ಗೆ ಕಡಿಮೆಯಿಲ್ಲದ ಸೈಜುಗಲ್ಲನ್ನು ನಿಲ್ಲಿಸಿ ಕೂರಿಸುವುದು. ಇಲ್ಲಿ ನಿಲ್ಲಿಸಿ ಎಂಬ ಮಾತೇ ಮುಖ್ಯ. ಚಪ್ಪಟೆಯಾಗಿ ಮಲಗಿಸಿದ ಕಲ್ಲು ನೋಡಲು ಚೆಂದ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಅದರ ಅಡಿಗೆ ನೀರು ಹೊಕ್ಕರೆ ಹಪ್ಪಳದಂತೆ ಎದ್ದುಬಿಡುತ್ತದೆ. ಉದ್ದನೆಯ ಮುಖ ನೆಲದೊಳಗೆ ಇಳಿದ ಕಲ್ಲನ್ನು ಎರಡೂ ಪಕ್ಕದ ಕಲ್ಲುಗಳು ಹಿಡಿದುಕೊಳ್ಳುತ್ತವೆ. ಸಂದುಗಳಿಗೆ ಚಕ್ಕೆಕಲ್ಲನ್ನು ಸುತ್ತಿಗೆಯಿಂದ ಬಡಿದು ಬಿಗಿಮಾಡಬೇಕು. ಮುಗಿದ ಹಾಸಿನ ಮೇಲ್ಮೈ ಹಳ್ಳದ ಮೂಲ ತಳಕ್ಕಿಂತ ಮೇಲೇಳಬಾರದು. ಒಂದು ಅಡಿ ಎದ್ದರೂ ಅದು ಅಡ್ಡಗಟ್ಟೆಯಾಗಿ, ಕೆಳಗೆ ನೀರು ಧುಮುಕಿ ಗುಂಡಿ ಬೀಳಿಸುತ್ತದೆ. ಆ ಗುಂಡಿ ಹಿಂದಕ್ಕೆ ಬೆಳೆದು ಹಾಸನ್ನೇ ನುಂಗುತ್ತದೆ.

ಬಯಲುಸೀಮೆಯಲ್ಲಿ ಕಪ್ಪು ಅಥವಾ ಬಿಳಿ ಗಟ್ಟಿಕಲ್ಲು ಹತ್ತಿರದಲ್ಲಿ ಸಿಗುತ್ತದೆ. ಕರಾವಳಿಯಲ್ಲಿ ಕೈಗೆ ಸಿಗುವುದು ಮುರಕಲ್ಲು. ಗೋಡೆಗೆ ಒಳ್ಳೆಯದಾದ ಆ ಕಲ್ಲು ಹರಿವ ಮರಳಿನ ಉಜ್ಜಾಟಕ್ಕೂ ಟ್ರ್ಯಾಕ್ಟರಿನ ಚಕ್ರದ ಹಲ್ಲಿಗೂ ನಿಲ್ಲುವುದಿಲ್ಲ. ದಾಟಿನ ಮೇಲ್ಹಾಸಿಗೆ ಅದನ್ನು ಬಳಸಬಾರದು.

ಕಲ್ಲಿನ ಹಾಸಿಗೆ ಖರ್ಚಾಗುವುದು ಹೆಚ್ಚಾಗಿ ಕೈಕೆಲಸಕ್ಕೆ. ಕೂಲಿ ಮತ್ತು ಸಾಮಗ್ರಿಗೆ 60:40ರ ಅನುಪಾತ ಕಾಯ್ದುಕೊಳ್ಳಬೇಕಾದ ಕಾಮಗಾರಿಗಳಲ್ಲಿ ಇದು ದೊಡ್ಡ ಅನುಕೂಲ. ಕಾಂಕ್ರೀಟಿನ ಪೆಟ್ಟಿಗೆಮೋರಿಯೊಂದು ಪಂಚಾಯತಿಯ ಇಡೀ ವರ್ಷದ ಸಾಮಗ್ರಿ ಪಾಲನ್ನು ತಿಂದುಹಾಕಿದಾಗ ಉಳಿದ ವಾರ್ಡುಗಳ ಕೆಲಸ ನಿಂತದ್ದನ್ನು ಸದಸ್ಯರು ಬಲ್ಲರು.

ಕಾಂಕ್ರೀಟ್ ಕಾಸ್‌ವೇ

ಸಂಚಾರ ಹೆಚ್ಚಿದ್ದರೆ, ಶಾಲಾ ವಾಹನವೋ ಹಾಲಿನ ಗಾಡಿಯೋ ದಿನವೂ ದಾಟುವುದಾದರೆ, ತಳಮಟ್ಟದ ಕಾಂಕ್ರೀಟ್ ಹಾಸು ಸೂಕ್ತ. ದಕ್ಷಿಣ ಕನ್ನಡದ ಕಡೆ ಮುಳುಗು ಸೇತುವೆ ಎನ್ನುವುದು ಇದರ ದೊಡ್ಡಣ್ಣ. ಕಾಸ್‌ವೇಗಳಿಗೂ ಮುಳುಗು ಸೇತುವೆಗಳಿಗೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2008ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಪ್ರಕಟಿಸಿದೆ. ಒಂದೇ ವಾಹನದ ದಾರಿಗೆ 3.75 ಮೀಟರ್ ಅಗಲ, 15ರಿಂದ 20 ಸೆಂ.ಮೀ. ದಪ್ಪದ ಎಂ-20 ಕಾಂಕ್ರೀಟು ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ದಾಟಿನ ಆಯುಷ್ಯ ಇರುವುದು ಕಣ್ಣಿಗೆ ಕಾಣುವ ಹಾಸಿನಲ್ಲಲ್ಲ, ಕಾಣದ ಎರಡು ತಳಗೋಡೆಗಳಲ್ಲಿ. ಕಟ್‌ಆಫ್ ಎಂದು ಗುತ್ತಿಗೆದಾರರು ಕರೆಯುವ ಗೋಡೆಗಳೇ ಇವು. ಹಾಸಿನ ಮೇಲುಮಗ್ಗುಲಲ್ಲಿ ಒಂದು, ಕೆಳಮಗ್ಗುಲಲ್ಲಿ ಇನ್ನೊಂದು. ಮೇಲಿನದು ಹಾಸಿನಡಿಗೆ ನೀರು ನುಗ್ಗದಂತೆ ತಡೆಯುತ್ತದೆ. ಕೆಳಗಿನದು ಅಡಿಯ ಮಣ್ಣು ಜಾರಿಹೋಗದಂತೆ ಹಿಡಿಯುತ್ತದೆ. ಕೊರೆತ ಹೆಚ್ಚಿರುವುದು ಕೆಳಮಗ್ಗುಲಲ್ಲಿ. ಆದ್ದರಿಂದ ಮೇಲಿನ ಗೋಡೆ ಒಂದು ಮೀಟರ್ ಇಳಿದರೆ ಕೆಳಗಿನದು ಅದಕ್ಕಿಂತ ಆಳಕ್ಕೆ ಇಳಿಯಬೇಕು. ನಡುವೆ ಗಟ್ಟಿಬಂಡೆ ಸಿಕ್ಕರೆ ಅದಕ್ಕೆ ಕಚ್ಚಿಸಿ ನಿಲ್ಲಿಸಬಹುದು. ನಿಖರ ಆಳವನ್ನು ಮಣ್ಣು ನೋಡಿ ಕಿರಿಯ ಅಭಿಯಂತರರು ನಿರ್ಧರಿಸುತ್ತಾರೆ. ಕೆಳಗೋಡೆಯ ಮುಂದೆ ದೊಡ್ಡ ಗುಂಡುಕಲ್ಲುಗಳ ಹಾಸು ಇರಲೇಬೇಕು.

ಸದಸ್ಯರು ಸ್ಥಳಕ್ಕೆ ಹೋಗುವುದಾದರೆ ಕಾಂಕ್ರೀಟು ಸುರಿಯುವ ದಿನಕ್ಕಿಂತ ತಳಗೋಡೆಯ ಗುಂಡಿ ತೆರೆದಿರುವ ದಿನ ಹೋಗಬೇಕು. ಟೇಪು ಇಳಿಬಿಟ್ಟು ಅಳೆಯಲು ಎರಡು ನಿಮಿಷ ಸಾಕು. ಮುಚ್ಚಿದ ಮೇಲೆ ಅಳೆಯುವವರು ಯಾರೂ ಇಲ್ಲ. ಮುಂದಿನ ಮಳೆಗಾಲದ ನೀರು ಮಾತ್ರ ಅಳೆಯುತ್ತದೆ.

ಹಾಸಿನ ಎರಡೂ ತುದಿ ದಂಡೆಯನ್ನು ಹತ್ತಿ ನೆರೆಮಟ್ಟಕ್ಕಿಂತ ಮೇಲೆ ಮುಗಿಯಬೇಕು. ಮಧ್ಯ ತುಸು ತಗ್ಗು, ತುದಿಗಳು ಎತ್ತರ. ತುದಿಯನ್ನು ತಗ್ಗಿನಲ್ಲೇ ನಿಲ್ಲಿಸಿದ ಕಡೆಗಳಲ್ಲಿ ನೀರು ಹಾಸನ್ನು ಬಿಟ್ಟು ಪಕ್ಕದಿಂದ ದಾರಿಮಾಡಿಕೊಂಡಿರುತ್ತದೆ: ಹಾಸು ಗಟ್ಟಿಯಾಗಿ ಹಳ್ಳದ ನಡುವೆ, ದಾರಿ ಎರಡೂ ಕಡೆ ಕಡಿದು. ನಾಲ್ಕು ಮೀಟರ್ ಕಾಂಕ್ರೀಟು ಉಳಿಸಿದ್ದಕ್ಕೆ ಇಡೀ ಕೆಲಸ ವ್ಯರ್ಥವಾದ ಉದಾಹರಣೆಗಳು ಇವು.

ನೀರು ಹರಿಯುತ್ತಿರುವಾಗ ಕಾಂಕ್ರೀಟು ಹಾಕಬಾರದು. ಮರಳಿನ ಚೀಲಗಳ ಒಡ್ಡು ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸಿ ತಳವನ್ನು ಒಣಗಿಸಿಕೊಳ್ಳಬೇಕು. ಮಾರ್ಚ್‌-ಏಪ್ರಿಲ್ ಈ ಕೆಲಸಕ್ಕೆ ತಕ್ಕ ಕಾಲ; ಮೇ ಕೊನೆಯ ವಾರದಲ್ಲಿ ಆರಂಭಿಸಿದ ಕಾಸ್‌ವೇ ಬಹುಪಾಲು ಹಳ್ಳದ ಪಾಲು. ಈಗ ಸಿಗುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ನೀರು ಉಣಿಸಬೇಕು. ತುಂಬಿದ ಟ್ರೇಲರನ್ನು 28 ದಿನ ಬಿಡಬಾರದು. ಮೇಲ್ಮೈಯನ್ನು ನುಣ್ಣಗೆ ಮಾಡದೆ, ಹಸಿಯಿರುವಾಗಲೇ ಕಡ್ಡಿಪೊರಕೆಯಿಂದ ದಾರಿಗೆ ಅಡ್ಡಲಾಗಿ ಗೀರಬೇಕು. ಮಲೆನಾಡಿನಲ್ಲಿ ಪಾಚಿ ಕಟ್ಟಿದ ನುಣುಪಾದ ಹಾಸಿನ ಮೇಲೆ ಫೋರ್‌ವೀಲ್ ಜೀಪೂ ಜಾರುತ್ತದೆ, ದ್ವಿಚಕ್ರದ ಮಾತು ಹೇಳಬೇಕಿಲ್ಲ.

ಪೈಪು ಬೇಕೇ ಆದಲ್ಲಿ

ಚಳ್ಳಕೆರೆಯಂತಹ ಕಡೆ ಹಳ್ಳ ವರ್ಷದ ಹೆಚ್ಚಿನ ದಿನ ಒಣಗಿರುತ್ತದೆ. ನೀರು ಬಂದರೆ ಒಮ್ಮೆಲೆ ಬಂದು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಲ್ಲಿಗೆ ತಳಮಟ್ಟದ ಹಾಸು ಹೇಳಿ ಮಾಡಿಸಿದಂತಹದು. ಆಗುಂಬೆಯ ಸುತ್ತಲಿನ ಹಳ್ಳಗಳಲ್ಲಿ ಜೂನ್‌ನಿಂದ ತಿಂಗಳುಗಟ್ಟಲೆ ನೀರು ನಿಲ್ಲುವುದಿಲ್ಲ. ಅಂತಹ ಕಡೆ ದಿನನಿತ್ಯದ ಹರಿವು ಅಡಿಯಲ್ಲಿ ಹೋಗಿ, ನೆರೆ ಮಾತ್ರ ಮೇಲೆ ಹರಿಯುವಂತೆ ಪೈಪುಗಳುಳ್ಳ ಕಾಸ್‌ವೇ ಕಟ್ಟಬೇಕಾಗುತ್ತದೆ. ಆಗಲೂ ಪೈಪುಗಳ ಮೇಲೆ ಮಣ್ಣು ಬೇಡ. ಸುತ್ತಲೂ ಕಾಂಕ್ರೀಟು ತುಂಬಿ, ಮೇಲೆ ನೀರು ಹರಿದರೂ ಅಲುಗದಂತೆ ಮಾಡಬೇಕು. ತಳಗೋಡೆ, ಕಲ್ಲುಹಾಸು ಇದಕ್ಕೂ ಅಗತ್ಯ. ಒಳಗೆ ಕೈಯಾಡಿಸಿ ಕಸ ತೆಗೆಯಲಾಗದ 300, 450 ಮಿ.ಮೀ. ಪೈಪುಗಳನ್ನು ಒಪ್ಪಬಾರದು, ತುಂಬಿದ ವಾಹನ ಸಾಗುವಲ್ಲಿ ಎನ್‌ಪಿ-3 ದರ್ಜೆಗೆ ಕಡಿಮೆಯದನ್ನೂ ಒಪ್ಪಬಾರದು. ಪೈಪಿನ ತಳವನ್ನು ಹಳ್ಳದ ತಳಕ್ಕಿಂತ ತುಸು ಕೆಳಗೆ ಕೂರಿಸಬೇಕು. ಮೊದಲ ಮಳೆಗೆ ಹಳ್ಳವೇರಿ ಬರುವ ಹತ್ತುಮೀನುಗಳು ನೆಲದಿಂದ ಒಂದಡಿ ಮೇಲೆ ತೂಗುವ ಪೈಪಿನ ಬಾಯಿಯನ್ನು ಹತ್ತಲಾರವು. ಒಂದು ಮೋರಿಯಿಂದ ಮೇಲಿನ ಗದ್ದೆಗಳಲ್ಲಿ ಮೀನೇ ಕಾಣದಂತಾಗಬಹುದು.

ದಾಟಬಾರದ ಹೊತ್ತು

ತೆರೆದ ದಾಟಿನ ದೊಡ್ಡ ದೋಷ ಇದೇ: ನೀರಿದ್ದರೂ ಅದು ದಾರಿಯಂತೆಯೇ ಕಾಣುತ್ತದೆ. ಹರಿವ ನೀರು 15 ಸೆಂ.ಮೀ. ಇದ್ದರೆ ವಯಸ್ಕರೂ ಕಾಲುಜಾರಿ ಬೀಳಬಹುದು, 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲಬಹುದು, 60 ಸೆಂ.ಮೀ. ಇದ್ದರೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ. ಮೂರೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕಾರಿನ ಒಡಲು 30 ಸೆಂ.ಮೀ. ಮುಳುಗಿದರೆ ನೀರು ಅದನ್ನು ಒಂದೂವರೆ ಟನ್ನಿಗೂ ಮಿಗಿಲಾದ ಬಲದಿಂದ ಮೇಲೆತ್ತುತ್ತದೆ. ಸಣ್ಣ ಕಾರಿನ ತೂಕ ಅಷ್ಟಿಲ್ಲ. ಟ್ರ್ಯಾಕ್ಟರ್ ಎತ್ತರವೂ ಭಾರವೂ ಆದದ್ದರಿಂದ ಚಾಲಕರಿಗೆ ಧೈರ್ಯ ಹೆಚ್ಚು. ಆದರೆ ಹಿಂದಿರುವ ಖಾಲಿ ಟ್ರೇಲರ್ ಹಗುರ. ನೀರು ಅದನ್ನು ಕೆಳಕ್ಕೆ ತಿರುಗಿಸಿದರೆ ಅದು ಟ್ರ್ಯಾಕ್ಟರನ್ನೂ ಎಳೆದುಕೊಳ್ಳುತ್ತದೆ. ಅದರಲ್ಲಿ ಕಳೆ ಕೀಳಲು ಹೋದ ಹೆಂಗಸರೋ ಶಾಲೆಯ ಮಕ್ಕಳೋ ಇದ್ದರೆ ಆಗುವುದನ್ನು ಬರೆಯಬೇಕಾಗಿಲ್ಲ.

ಆದ್ದರಿಂದ ಪ್ರತಿ ದಾಟಿಗೂ ಎರಡೂ ಅಂಚಿನಲ್ಲಿ ಬಿಳಿಬಣ್ಣದ ಕಲ್ಲುಗೂಟಗಳು ಬೇಕು. ನೀರು ಕದಡಿದಾಗ ಹಾಸಿನ ಅಂಚು ತೋರುವುದು ಅವುಗಳಿಂದಲೇ. ಗೂಟಗಳು ಸಣ್ಣವಾಗಿ, ದೂರದೂರ ಇರಲಿ. ಒತ್ತಾಗಿದ್ದರೆ ಕಸ ತಡೆದು ನೀರು ಏರಿಸುತ್ತವೆ. ಹಾಸಿನ ತಗ್ಗಾದ ಮಧ್ಯಭಾಗವನ್ನು ಸೊನ್ನೆಯೆಂದು ಹಿಡಿದು ಅಳತೆ ಬರೆದ ಕಲ್ಲನ್ನು ಎರಡೂ ದಡದಲ್ಲಿ ನಿಲ್ಲಿಸಿ, 20 ಸೆಂ.ಮೀ.ಗೆ ಕೆಂಪುಗೆರೆ ಎಳೆದರೆ ಓದು ಬಾರದವರಿಗೂ ತಿಳಿಯುತ್ತದೆ: ಕೆಂಪು ಮುಳುಗಿದರೆ ದಾಟುವಂತಿಲ್ಲ. ಮಾಂದಲಪಟ್ಟಿಯಂತಹ ಕಡೆ ಪ್ರವಾಸಿಗರನ್ನು ಹೊತ್ತ ಜೀಪುಗಳು ಕಚ್ಚಾದಾರಿಯಲ್ಲಿ ದಿನವಿಡೀ ಓಡಾಡುತ್ತವೆ. ಇಂತಹ ಓಡಾಟವಿರುವ ಪಂಚಾಯತಿಗಳಲ್ಲಿ ಹೊರಗಿನವರಿಗೆ ಹಳ್ಳದ ಗುಣ ತಿಳಿದಿರುವುದಿಲ್ಲ. ಮೇಲೆ ಗುಡ್ಡದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೇ ನೀರು ಏರುತ್ತದೆಂಬುದನ್ನು ಫಲಕದಲ್ಲಿ ಬರೆಯಬೇಕು.

ಅನುಮತಿ ಮತ್ತು ದುರಸ್ತಿ

ಅರಣ್ಯಭೂಮಿಯ ಹಳ್ಳವಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು. 1980ರ ಅರಣ್ಯ ಸಂರಕ್ಷಣಾ ಅಧಿನಿಯಮ ಇಲ್ಲಿಗೂ ಅನ್ವಯಿಸುತ್ತದೆ. ಹಳ್ಳದ ಅಗಲವನ್ನು ಕಾಮಗಾರಿಯ ನೆಪದಲ್ಲಿ ಕಿರಿದು ಮಾಡಿಕೊಳ್ಳಲು ಯಾರಿಗೂ ಬಿಡಬಾರದು.

ದಾಟಿನ ಕೆಳಗೆ ಮರಳು ತೆಗೆಯುವುದನ್ನು ಸಾಮಾನ್ಯ ಸಭೆಯ ಠರಾವಿನಲ್ಲಿಯೇ ನಿಷೇಧಿಸುವುದು ಒಳ್ಳೆಯದು. ಹಳ್ಳದ ತಳ ಒಂದು ಮೀಟರ್ ಇಳಿದರೆ ಕೆಳಮಗ್ಗುಲ ತಳಗೋಡೆಯ ಬುಡ ಬಯಲಾಗುತ್ತದೆ. ಎಷ್ಟು ಒಳ್ಳೆಯ ಕಾಂಕ್ರೀಟೂ ಆಗ ನಿಲ್ಲದು. ತಾನೇ ಹಣ ಕೊಟ್ಟು ಕಟ್ಟಿಸಿದ ಕಾಸ್‌ವೇಯನ್ನು ಪಂಚಾಯತಿ ಹೀಗೆ ಲೋಡುಗಟ್ಟಲೆ ಮಾರಿಕೊಂಡಂತಾಗುತ್ತದೆ.

ಹೊಸ ದಾಟಿಗೆ ಮೊದಲ ಮಳೆಗಾಲವೇ ಪರೀಕ್ಷೆ. ಅಕ್ಟೋಬರ್‌ನಲ್ಲಿ ನೀರು ಇಳಿದೊಡನೆ ವಾರ್ಡಿನ ಸದಸ್ಯರು ಕೆಳಮಗ್ಗುಲಲ್ಲಿ ನಿಂತು ನೋಡಬೇಕು: ಗೋಡೆಯ ಮುಂದೆ ಗುಂಡಿ ಬಿದ್ದಿದೆಯೇ, ತುದಿಗಳಲ್ಲಿ ಮಣ್ಣು ಕಡಿದಿದೆಯೇ, ಹಾಸಿನ ಮೇಲೆ ಕೋಲು ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ. ಗುಂಡಿ ಮೊಣಕಾಲುದ್ದ ಇರುವಾಗ ಒಂದು ಟ್ರೇಲರ್ ಗುಂಡುಕಲ್ಲು ಸಾಕು. ಮೇ ತಿಂಗಳಲ್ಲಿ ಇನ್ನೊಮ್ಮೆ ಹೋಗಿ ಮೇಲುಮಗ್ಗುಲ ಮರದ ದಿಮ್ಮಿ, ಕಸ ತೆಗೆಸಿ, ಪಾಚಿ ಉಜ್ಜಿಸಿ, ಅಳತೆಕಲ್ಲಿನ ಕೆಂಪುಗೆರೆಗೆ ಹೊಸ ಬಣ್ಣ ಬಳಿಸಬೇಕು. ಕೆಂಪು ಮುಳುಗಿದಾಗ ದಾರಿಗೆ ಅಡ್ಡ ಸರಪಳಿ ಕಟ್ಟುವವರು ಯಾರು, ಬೀಗದ ಕೈ ಯಾರ ಮನೆಯಲ್ಲಿ ಎಂಬುದನ್ನೂ ಆ ತಿಂಗಳ ಸಭೆಯಲ್ಲಿಯೇ ಹೆಸರು ಸಹಿತ ನಡವಳಿಯಲ್ಲಿ ಬರೆಸಬೇಕು.